ಉಬ್ಬದ ಬನ್ನು, ಬಚ್ಚಿಟ್ಟ ಮನೆ

ಬಾಡಿಗೆ ಮನೆಯಲ್ಲಿ ಇರುವವರಿಗೆ ಎರಡು ಸುದ್ದಿ ಜೋಡಿಯಾಗಿಯೇ ಬರುತ್ತವೆ. ಮನೆಯಾಕೆ ಬಸುರಿ ಅನ್ನುವುದು ಒಂದು, ಮಾಲೀಕ ಮನೆ ಮಾರುತ್ತಾನಂತೆ ಅನ್ನುವುದು ಇನ್ನೊಂದು. ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ. ಬ್ರಿಸ್ಬೇನಿನ ಇನಾಲಾ ಬಡಾವಣೆಯ ನಮ್ಮ ಫಿಜಿ ಚರ್ಚಿನ ಮಹಿಳಾ ಕೂಟದಲ್ಲಿ ಅರ್ಧ ಜನ ದೊಡ್ಡ ಹೊಟ್ಟೆ ಹೊತ್ತುಕೊಂಡೇ ಪಾತ್ರೆ ಪಗಡೆ ಗಂಟು ಕಟ್ಟಿದವರು.

ತೋರಿಕಾಗೂ ಹಾಗೇ ಆಯಿತು. ಅವಳು ಫಿಜಿಯಿಂದ ಮದುವೆಯಾಗಿ ಬ್ರಿಸ್ಬೇನಿಗೆ ಬಂದವಳು. ಗಂಡ ಅಪಿಸಾಯ್ ಗೋದಾಮಿನಲ್ಲಿ ಸರಕು ಎತ್ತುವ ಗಾಡಿ ಓಡಿಸುತ್ತಾನೆ. ಮೊದಲ ಮಗಳಿಗೆ ನಾಲ್ಕು ವರ್ಷ, ಎರಡನೆಯದು ಹೊಟ್ಟೆಯಲ್ಲಿ. ಏಳನೇ ತಿಂಗಳು ನಡೆಯುತ್ತಿರುವಾಗ ಮಾಲೀಕ ಮನೆ ಖಾಲಿ ಮಾಡಿ ಅಂದ. ಇನಾಲಾದ ಸುತ್ತಮುತ್ತ ಎಲ್ಲಿ ಹುಡುಕಿದರೂ ಕೈಗೆ ಎಟುಕುವ ಬಾಡಿಗೆಯ ಮನೆ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಊರಿನ ಆ ತುದಿಯಲ್ಲಿ, ಕಬೂಲ್ಚರ್‌ನಲ್ಲಿ. ಹೆದ್ದಾರಿಯಲ್ಲಿ ಗಾಡಿಗಳ ಸಾಲು ಇಲ್ಲದಿದ್ದರೆ ಒಂದು ಗಂಟೆಯ ದಾರಿ. ಸಾಲು ಇದ್ದರೆ ದೇವರೇ ಗತಿ.

ಮನೆ ದೂರವಾಯಿತು ಅನ್ನುವುದಲ್ಲ ತೋರಿಕಾಳ ಚಿಂತೆ. ಅವಳ ಚಿಂತೆಯೆಲ್ಲ ಆಸ್ಪತ್ರೆಯದು.

ಮೊದಲ ಹೆರಿಗೆಯಲ್ಲಿ ಅವಳಿಗೆ ರಕ್ತ ನಿಂತಿರಲಿಲ್ಲ. ಮಗು ಅತ್ತಿತು, ಎಲ್ಲರೂ ನಕ್ಕರು, ಅಷ್ಟರಲ್ಲಿ ಹಾಸಿಗೆ ಕೆಂಪಾಯಿತು. ಬ್ರಾನ್ವಿನ್ ಎಂಬ ಹೆರಿಗೆ ನರ್ಸ್ ಹೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು, "ತೋರಿಕಾ, ಕಣ್ಣು ಮುಚ್ಚಬೇಡ, ನನ್ನನ್ನೇ ನೋಡು" ಎಂದು ಕೂಗುತ್ತಿದ್ದಳಂತೆ. ತೋರಿಕಾ ಬದುಕಿದ್ದು ಆ ದನಿ ಹಿಡಿದುಕೊಂಡೇ. ಈ ಸಲವೂ ಅದೇ ಆಸ್ಪತ್ರೆ, ಅದೇ ಬ್ರಾನ್ವಿನ್. ಈಗ ಮನೆ ಬದಲಾಯಿತು ಅಂದರೆ ಆಸ್ಪತ್ರೆಯೂ ಬದಲಾಗುತ್ತದಲ್ಲ?

ಅವಳು ಈ ಮಾತನ್ನು ಕೇಳಿದ್ದು ಆಸ್ಪತ್ರೆಯಲ್ಲಲ್ಲ, ಪಕ್ಕದ ಮನೆಯ ವಸಿತಿಯ ಹತ್ತಿರ. ತಪ್ಪಾದದ್ದೇ ಅಲ್ಲಿ.

"ಅಯ್ಯೋ, ಹೇಳಿಗೀಳಿ ಬಿಟ್ಟೀಯಾ!" ಅಂದಳು ವಸಿತಿ. "ಮನೆ ಬದಲಾಯ್ತು ಅಂದ್ರೆ ಸಾಕು, ನೀನು ನಮ್ಮ ಏರಿಯಾದವಳಲ್ಲ ಹೋಗಮ್ಮ ಅಂತಾರೆ. ನನ್ನ ದೊಡ್ಡಪ್ಪನ ಮಗಳಿಗೆ ಹಾಗೇ ಆಯ್ತು. ಎಂಟು ತಿಂಗಳಲ್ಲಿ ಬೇರೆ ಆಸ್ಪತ್ರೆ, ಬೇರೆ ಮುಖ, ಪಾಪ."

"ಮತ್ತೇನ್ ಮಾಡ್ಲೇ?"

"ಸುಮ್ನಿರು. ನಿನ್ನ ಫೋನ್ ನಂಬರ್ ಅದೇ ಇದೆ. ವಿಳಾಸ ಇಲ್ಲೀದೇ ಇರ್ಲಿ. ಯಾರಾದ್ರೂ ಬಂದ್ರೆ ಅಂಗಡಿಗೆ ಹೋಗಿದಾಳೆ ಅಂತೀನಿ."

"ಎರಡು ತಿಂಗಳು ಅಂಗಡೀಲೇ ಇರ್ಲಾ ನಾನು?"

"ಸೀರಿಯಸ್ಸಾಗಿ ಹೇಳ್ತಿದೀನಿ ಕಣೇ!"

ವಸಿತಿ ಕೆಟ್ಟವಳಲ್ಲ. ಆದರೆ ಅರ್ಧ ಗೊತ್ತಿರುವವರ ಪ್ರೀತಿ ಬಹಳ ಅಪಾಯ. ಏನೂ ಗೊತ್ತಿಲ್ಲದವರು ಸುಮ್ಮನಿರುತ್ತಾರೆ, ಇವರು ಸುಮ್ಮನಿರುವುದಿಲ್ಲ.

ಹೀಗೆ ತೋರಿಕಾ ಕಬೂಲ್ಚರ್‌ಗೆ ಹೋದಳು, ಅವಳ ವಿಳಾಸ ಮಾತ್ರ ಇನಾಲಾದಲ್ಲೇ ಉಳಿಯಿತು. ಅಪಿಸಾಯ್‌ಗೆ ಇದು ಇಷ್ಟವಿರಲಿಲ್ಲ. ಆದರೆ ಮೊದಲ ಹೆರಿಗೆಯ ದಿನ ಹೊರಗಡೆ ಗೋಡೆಗೆ ಒರಗಿ ನಿಂತಿದ್ದವನು ಅವನೇ. "ಬ್ರಾನ್ವಿನ್ ಇಲ್ದೆ ಇದ್ರೆ ನಾನು ಹೆರಿಗೆ ಕೋಣೆ ಒಳಗೆ ಕಾಲಿಡಲ್ಲ" ಅಂತ ಹೆಂಡತಿ ಅಂದಾಗ ಅವನೂ ಹೂಂ ಅಂದುಬಿಟ್ಟ.

ಹೊಸ ಮನೆಗೆ ಬಂದ ವಾರದಲ್ಲೇ ಬಾಣಂತನಕ್ಕೆಂದು ಅಪಿಸಾಯ್‌ನ ತಾಯಿ ಉನೈಸಿ ಫಿಜಿಯ ಟವೆಯುನಿ ದ್ವೀಪದಿಂದ ಬಂದಿಳಿದಳು. ಮೊಮ್ಮಗಳು ಹುಟ್ಟಿದಾಗಿನಿಂದ ಮನೆಯವರೆಲ್ಲ ಅವಳನ್ನು ಬೂಬು, ಅಂದರೆ ಅಜ್ಜಿ, ಎಂದೇ ಕರೆಯುತ್ತಾರೆ. ಬೂಬುವಿನ ಪೆಟ್ಟಿಗೆಯಲ್ಲಿ ಒಂದು ಚಾಪೆ, ಪುಡಿ ಮಾಡಿ ನೀರಿನಲ್ಲಿ ಕದಡಿ ಕುಡಿಯುವ ಕಾವಾ ಬೇರಿನ ಒಂದು ಕಟ್ಟು, ತನ್ನ ಅಡುಗೆಮನೆಯ ಯೀಸ್ಟಿನ ಡಬ್ಬಿ. ಈ ಊರಿನ ಯೀಸ್ಟಿನ ಮೇಲೆ ಅವಳಿಗೆ ನಂಬಿಕೆಯಿಲ್ಲ. ಆಸ್ಪತ್ರೆಗೆ ವಿಳಾಸ ಮುಚ್ಚಿಟ್ಟ ಸಂಗತಿಯನ್ನು ಅವಳಿಗೆ ಯಾರೂ ಹೇಳಲಿಲ್ಲ. ಬೂಬು ಸುಳ್ಳು ಹೇಳುವುದಿಲ್ಲ. ಅಂಥವರನ್ನು ಮನೆಯಲ್ಲಿಟ್ಟುಕೊಂಡು ಗುಟ್ಟು ಕಾಯುವುದು ಬಹಳ ಕಷ್ಟ.

ಮೊದಲ ಭಾನುವಾರ ಬೂಬು ತೆಂಗಿನ ಹಾಲಿನಲ್ಲಿ ಬೇಯಿಸುವ ಬನ್ನಿಗೆ ಹಿಟ್ಟು ಕಲಸಿದಳು. ಒದ್ದೆ ಬಟ್ಟೆ ಮುಚ್ಚಿ ಬಿಸಿಲಿಗಿಟ್ಟಳು. ಹಿಟ್ಟು ಉಬ್ಬಲಿಲ್ಲ. ಎರಡನೇ ಭಾನುವಾರವೂ ಉಬ್ಬಲಿಲ್ಲ. ಬೆಂದ ಬನ್ನು ಎಸೆದರೆ ನಾಯಿಯೂ ಪಕ್ಕಕ್ಕೆ ಸರಿಯುವ ಹಾಗಿತ್ತು.

ಬೂಬು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಓಯ್ಲೇ! ಈ ಮನೇಲಿ ಯಾರೋ ಏನೋ ಮುಚ್ಚಿಡ್ತಿದಾರೆ."

ನಮ್ಮ ಫಿಜಿಯವರಲ್ಲಿ ಇದು ಹಳೆಯ ನಂಬಿಕೆ. ಹೆಣ್ಣು ಬಸುರನ್ನು ಹೇಳದೆ ಮುಚ್ಚಿಟ್ಟರೆ ಮನೆಯ ಹಿಟ್ಟು ಉಬ್ಬುವುದಿಲ್ಲ, ಮರಗೆಣಸು ಬೇಯುವುದಿಲ್ಲ, ಬಲೆಗೆ ಮೀನು ಬೀಳುವುದಿಲ್ಲ. ನಗಬೇಡಿ. ನಂಬಿಕೆ ಸುಳ್ಳೋ ನಿಜವೋ, ಅದರ ಹಿಂದಿನ ಬುದ್ಧಿ ಮಾತ್ರ ನಿಜ. ಬಸುರಿಯ ಸಂಗತಿ ನಾಲ್ಕು ಜನಕ್ಕೆ ಗೊತ್ತಿದ್ದರೆ ನಾಲ್ಕು ಜನ ಕಾಯುತ್ತಾರೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ತೋರಿಕಾಳ ಕೈ ಹೊಟ್ಟೆಯ ಮೇಲೆ ಹೋಯಿತು. ಆದರೆ ಬೂಬು ಅವಳ ಕಡೆ ನೋಡಲಿಲ್ಲ. ಅವಳ ಬಸುರು ಮೂರನೇ ತಿಂಗಳಲ್ಲೇ ಚರ್ಚಿನಲ್ಲಿ ಹೇಳಿ, ಎಲ್ಲರೂ ಚಪ್ಪಾಳೆ ತಟ್ಟಿ ಆಗಿತ್ತು. ಬೂಬುವಿನ ಕಣ್ಣು ಹೋಗಿದ್ದು ಮನೆಯಲ್ಲಿದ್ದ ಇನ್ನೊಂದು ಹೆಣ್ಣಿನ ಕಡೆಗೆ. ಅಪಿಸಾಯ್‌ನ ತಂಗಿ ಲೋಸಾ. ಮದುವೆಯಾಗಿಲ್ಲ, ವೃದ್ಧಾಶ್ರಮದಲ್ಲಿ ಕೆಲಸ.

"ನನ್ಯಾಕೆ ನೋಡ್ತೀಯಮ್ಮ?" ಅಂದಳು ಲೋಸಾ.

"ಹೊಟ್ಟೆ ಸ್ವಲ್ಪ ಬಂದ ಹಾಗಿದೆ."

"ಬಂದಿದ್ರೆ ನಿನ್ನ ಬನ್ನಿಂದ ಬಂದಿಲ್ಲ ಬಿಡು. ಅದು ಉಬ್ಬೋದೇ ಇಲ್ವಲ್ಲ!"

ಎಲ್ಲರೂ ನಕ್ಕರು. ಬೂಬು ನಗಲಿಲ್ಲ.

ಅದೇ ವಾರ ಬ್ರಾನ್ವಿನ್ ಫೋನ್ ಮಾಡಿದಳು. "ಗುರುವಾರ ನಿಮ್ಮ ಮನೆಗೇ ಬರ್ತೀನಿ ತೋರಿಕಾ. ಹೆರಿಗೆ ಆದ್ಮೇಲೆ ಮಗೂನ ಎಲ್ಲಿ ಮಲಗಿಸ್ತೀರಿ, ಯಾರು ನೋಡ್ಕೊಳ್ತಾರೆ, ಎಲ್ಲಾ ಒಂದ್ಸಲ ಮಾತಾಡೋಣ."

ಒಂದು ಸುಳ್ಳು ಮುಚ್ಚಲು ಹತ್ತು ಸುಳ್ಳು ಬೇಕು. ಇವರಿಗೆ ಒಂದು ಇಡೀ ಮನೆಯೇ ಬೇಕಾಯಿತು. ಇನಾಲಾದ ಆ ಕಟ್ಟಡದಲ್ಲಿ ಒಂದೇ ಸೂರಿನಡಿ ಎರಡು ಮನೆ. ತೋರಿಕಾ ಇದ್ದ ಅರ್ಧಕ್ಕೆ ಬೀಗ ಬಿದ್ದಿತ್ತು. ಇನ್ನರ್ಧ ಬೇರೆ ಮಾಲೀಕನದು, ಅದರಲ್ಲಿ ವಸಿತಿ ಬಾಡಿಗೆಗೆ ಇದ್ದಳು. ಗುರುವಾರ ಬೆಳಿಗ್ಗೆ ಅಪಿಸಾಯ್ ಹೆಂಡತಿಯನ್ನು ಅಲ್ಲಿ ಬಿಟ್ಟು ಕೆಲಸಕ್ಕೆ ಹೋದ. ವಸಿತಿ ತನ್ನ ಕುಟುಂಬದ ಫೋಟೋಗಳನ್ನೆಲ್ಲ ಮಂಚದ ಕೆಳಗೆ ತಳ್ಳಿ, ತೋರಿಕಾಳ ಮದುವೆ ಫೋಟೋ ನೇತುಹಾಕಿ, "ಈಗ ಇದು ನಿನ್ನ ಮನೆ, ನಾನು ನೆಂಟಳು" ಅಂದಳು.

ಬ್ರಾನ್ವಿನ್ ಬಂದಳು. "ನಿಮ್ಮದು ಆ ಕಡೆ ಬಾಗಿಲು ಅಲ್ವಾ?" ಅಂತ ಕೇಳಿದಳು.

"ಈ ಕಡೆ ಗಾಳಿ ಚೆನ್ನಾಗಿ ಬರುತ್ತೆ ಅಂತ..." ಅಂದಳು ತೋರಿಕಾ.

ಗೋಡೆಯ ಮೇಲೆ ಒಂದು ಫೋಟೋ ತೆಗೆಯುವುದು ಮರೆತುಹೋಗಿತ್ತು. ವಸಿತಿಯ ಗಂಡ, ರಗ್ಬಿ ಚೆಂಡು ಹಿಡಿದು, ಅಂಗಿಯಿಲ್ಲದೆ.

"ಇವರು ಯಾರು?"

"ನನ್ನ ಚಿಕ್ಕಪ್ಪ."

ನೆಂಟಳು ಕೆಮ್ಮಿದಳು. ಆಮೇಲೆ ಬ್ರಾನ್ವಿನ್ ಕುಡಿಯಲು ನೀರು ಕೇಳಿದಳು. ತೋರಿಕಾ ಒಂದು ಕಪಾಟು ತೆಗೆದಳು, ಅಲ್ಲಿ ಅಕ್ಕಿ. ಇನ್ನೊಂದು ತೆಗೆದಳು, ಅಲ್ಲಿ ಸೋಪಿನ ಪುಡಿ. ಕೊನೆಗೆ ನೆಂಟಳೇ ಹಿಂದಿನಿಂದ ಕೈ ಚಾಚಿ, ನೋಡದೆಯೇ ಲೋಟ ತೆಗೆದುಕೊಟ್ಟಳು. ಬ್ರಾನ್ವಿನ್ ಆ ಕೈಯನ್ನೇ ನೋಡಿದಳು. ತೋರಿಕಾಳ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದಳು. ಸ್ವಲ್ಪ ಏರಿತ್ತು.

"ಏನಾದ್ರೂ ಚಿಂತೆ ಇದೆಯಾ?"

"ಇಲ್ಲ."

"ಹೆರಿಗೆಗೆ ಹೆದರಿಕೇನಾ? ನೋಡಿ, ಹೋದ ಸಲದ ಹಾಗೆ ರಕ್ತ ಹೋಗಬಹುದು ಅಂತ ನಾವೂ ತಯಾರಾಗಿದೀವಿ. ಅದೂ ಅಲ್ದೆ ಈ ಮನೆಯಿಂದ ಆಸ್ಪತ್ರೆಗೆ ಆಂಬುಲೆನ್ಸಲ್ಲಿ ಹತ್ತು ನಿಮಿಷದ ದಾರಿ. ಮನೇಲೇ ಏನಾದ್ರೂ ಶುರುವಾದ್ರೂ ನಮ್ಮ ಕೈಗೆ ಬೇಗ ಸಿಗ್ತೀರಿ. ಆ ಧೈರ್ಯ ನನಗಿದೆ."

ಹತ್ತು ನಿಮಿಷ. ತೋರಿಕಾಗೆ ಆ ಲೋಟದ ನೀರು ತಾನೇ ಕುಡಿಯಬೇಕು ಅನ್ನಿಸಿತು. ಅವಳು ಮಲಗುವ ಮನೆಯಿಂದ ಹತ್ತು ನಿಮಿಷಕ್ಕೆ ಹೆದ್ದಾರಿಯೂ ಸಿಗುವುದಿಲ್ಲ. ತನ್ನನ್ನು ಉಳಿಸಿದವಳು ಈ ಸಲದ ಲೆಕ್ಕವನ್ನೆಲ್ಲ ತನ್ನ ಸುಳ್ಳಿನ ಮೇಲೆ ಹಾಕಿಕೊಂಡು ಕೂತಿದ್ದಾಳೆ ಅನ್ನುವುದು ಆಗ ಅವಳಿಗೆ ಹೊಳೆಯಿತು. ಆದರೂ ಬಾಯಿ ಬಿಡಲಿಲ್ಲ. ಬಿಟ್ಟರೆ ಬ್ರಾನ್ವಿನ್ ಕೈ ತಪ್ಪುತ್ತದೆ, ಬಿಡದಿದ್ದರೆ ಜೀವ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಸಂಜೆ ಗಂಡನ ಕಾರಿನಲ್ಲಿ ಕಬೂಲ್ಚರ್‌ಗೆ ವಾಪಸ್ಸಾಗುವಾಗ ಸೇತುವೆಯ ಹತ್ತಿರ ಗಾಡಿಗಳು ಸಾಲಾಗಿ ನಿಂತಿದ್ದವು. ಮುಂದಿನ ಗಾಡಿಯ ಕೆಂಪು ದೀಪ ನೋಡುತ್ತ ತೋರಿಕಾ ಅತ್ತಳು. ಅಪಿಸಾಯ್ ಅವಳ ಕೈ ಹಿಡಿದುಕೊಂಡ.

ಮನೆ ಬಾಗಿಲು ತೆಗೆದರೆ ಒಳಗೆ ಬೇರೆಯೇ ಗಲಾಟೆ. ಬೂಬು ಆ ದಿನ ಮತ್ತೆ ಹಿಟ್ಟು ಕಲಸಿದ್ದಳು, ಅದು ಮತ್ತೆ ಉಬ್ಬಿರಲಿಲ್ಲ. ಲೋಸಾ ಕೆಲಸದ ಬಟ್ಟೆಯಲ್ಲೇ ನೆಲದ ಮೇಲೆ ಕೂತು ಅಳುತ್ತಿದ್ದಳು.

"ಯಾರು ಹುಡುಗ, ಅಷ್ಟು ಹೇಳು" ಅನ್ನುತ್ತಿದ್ದಳು ಬೂಬು. "ಬೈಯಲ್ಲ. ಮುಚ್ಚಿಡಬೇಡ ಅಷ್ಟೆ. ಮುಚ್ಚಿಟ್ರೆ ಮಗೂಗೆ ಕೇಡು, ನಿಂಗೂ ಕೇಡು."

"ಯಾವ ಹುಡುಗನೂ ಇಲ್ಲಮ್ಮ! ನಾನು ನೋಡೋದು ಎಂಬತ್ತು ವರ್ಷದ ಮುದುಕರನ್ನ!"

"ಅವರಲ್ಲಿ ಯಾರು?"

ತೋರಿಕಾ ಬಾಗಿಲಲ್ಲೇ ನಿಂತಳು. ತನ್ನ ಗುಟ್ಟಿಗೆ ಏನೂ ಅರಿಯದ ನಾದಿನಿ ಅಳುತ್ತಿದ್ದಾಳೆ.

"ಅವಳನ್ನ ಬಿಟ್ಬಿಡಿ ಬೂಬು. ಮುಚ್ಚಿಟ್ಟಿರೋದು ನಾನು."

"ನೀನು ಏನ್ ಮುಚ್ಚಿಡ್ತೀಯೇ, ನಿನ್ನ ಹೊಟ್ಟೆ ಆ ಬೀದಿ ತುದಿಗೆ ಕಾಣುತ್ತೆ!"

"ಹೊಟ್ಟೆ ಅಲ್ಲ. ಮನೆ ಮುಚ್ಚಿಟ್ಟಿದೀನಿ."

ಎಲ್ಲ ಹೇಳಿದಳು. ವಸಿತಿಯ ಮಾತು, ಹಳೆಯ ವಿಳಾಸ, ಚಿಕ್ಕಪ್ಪನ ಫೋಟೋ, ಹತ್ತು ನಿಮಿಷ. ಬೂಬು ಕೈಗೆ ಮೆತ್ತಿದ ಹಿಟ್ಟನ್ನು ಉಜ್ಜುತ್ತ ಪೂರ್ತಿ ಕೇಳಿದಳು. ಆಮೇಲೆ ಸೊಸೆಯ ಪಕ್ಕದಲ್ಲಿ ಕೂತಳು.

"ನಿನ್ನ ಹೆದರಿಕೆ ನಂಗೆ ಅರ್ಥ ಆಗುತ್ತೆ ಮಗಳೇ. ಹೋದ ಸಲ ಅಪಿಸಾಯ್ ಫೋನಲ್ಲಿ ಅತ್ತಾಗ ನಾನು ಅಷ್ಟು ದೂರದಲ್ಲಿ ಕೂತು ಏನೂ ಮಾಡೋಕಾಗ್ಲಿಲ್ಲ. ಆದ್ರೆ ಯೋಚ್ನೆ ಮಾಡು. ಅವಳು ಅಲ್ಲಿ ಕಾಯ್ತಾ ಇರ್ತಾಳೆ, ನೀನು ಇಲ್ಲಿ ಬಿದ್ದಿರ್ತೀಯ. ಅವಳ ಕೈ ಎಷ್ಟು ಒಳ್ಳೇದಾದ್ರೇನು, ಇಷ್ಟುದ್ದ ಬರುತ್ತಾ?"

ಮರುದಿನ ತೋರಿಕಾ ಫೋನ್ ಮಾಡಿ, ಬಂದು ಮಾತಾಡಬೇಕು ಅಂದಳು. ಬೂಬುವೂ ಹೊರಟಳು. ಕಂಕುಳಲ್ಲಿ ಕಾವಾ ಬೇರಿನ ಕಟ್ಟು. ನಮ್ಮಲ್ಲಿ ತಪ್ಪು ಮಾಡಿದವರು ಬೇರು ಹಿಡಿದು, ತಲೆ ತಗ್ಗಿಸಿ, ಕ್ಷಮೆ ಕೇಳಬೇಕು. ಅದನ್ನು ಸೋರೊ ಅನ್ನುತ್ತೇವೆ.

"ಅಮ್ಮ, ಆಸ್ಪತ್ರೇಲಿ ಯಾರೂ ಕಾವಾ ಕುಡಿಯಲ್ಲ" ಅಂದ ಅಪಿಸಾಯ್.

"ಕುಡಿಯೋಕೆ ಯಾರೋ ಕೊಡ್ತಿರೋದು? ತಪ್ಪೊಪ್ಪೋಕೆ ಬರಿಗೈಲಿ ಹೋಗ್ತಾರೇನೋ?"

ಆಸ್ಪತ್ರೆಯ ಕೋಣೆಯಲ್ಲಿ ಬೂಬು ನೆಲದ ಮೇಲೆ ಕೂತು, ಬೇರಿನ ಕಟ್ಟನ್ನು ಬ್ರಾನ್ವಿನ್ ಮುಂದಿಟ್ಟು, ನಮ್ಮ ಭಾಷೆಯಲ್ಲಿ ಉದ್ದಕ್ಕೆ ಮಾತಾಡಿದಳು. ಬ್ರಾನ್ವಿನ್‌ಗೆ ಒಂದಕ್ಷರ ತಿಳಿಯದಿದ್ದರೂ ಅವಳೂ ಕುರ್ಚಿಯಿಂದ ಇಳಿದು ಎದುರಿಗೆ ಕೂತಳು. ಅಪಿಸಾಯ್ ಅರ್ಥ ಹೇಳಿದ. ತೋರಿಕಾ ಉಳಿದದ್ದನ್ನು ಹೇಳಿದಳು.

ಬ್ರಾನ್ವಿನ್ ಒಂದು ದೊಡ್ಡ ಉಸಿರು ಬಿಟ್ಟಳು. "ಅಬ್ಬ, ಅಷ್ಟೇನಾ! ನಿಮ್ಮ ಅಡುಗೆಮನೇಲಿ ನಿಮಗೇ ಲೋಟ ಸಿಗ್ಲಿಲ್ಲ ನೋಡಿ, ಆಗಿಂದ ನನಗೆ ನಿದ್ದೆ ಇಲ್ಲ. ಗಂಡ ಹೊಡೀತಾನೇನೋ, ಓಡಿ ಬಂದು ಗೆಳತಿ ಮನೇಲಿ ಇದಾರೇನೋ ಅಂದ್ಕೊಂಡಿದ್ದೆ. ಇವತ್ತು ನಾನೇ ಫೋನ್ ಮಾಡೋಳಿದ್ದೆ."

"ನಾನಾ?" ಅಂದ ಅಪಿಸಾಯ್. ಇರುವೆ ತುಳಿದರೂ ಕ್ಷಮೆ ಕೇಳುವ ಗಂಡಸು ಅವನು.

"ಮನೆ ಬದಲಾಯ್ಸೋದು ತಪ್ಪಲ್ಲ" ಅಂದಳು ಬ್ರಾನ್ವಿನ್. "ಇಲ್ಲೇ ಹೆರಿಗೆ ಆಗ್ಬೇಕು ಅಂತ ಕೇಳೋದೂ ತಪ್ಪಲ್ಲ. ಕೇಳಿದ ಕೂಡ್ಲೇ ಓಡಿಸ್ತೀವಿ ಅಂತ ಯಾರು ಹೇಳಿದ್ದು? ನಾನೊಬ್ಳೇ ಹೂಂ ಅನ್ನೋ ಹಾಗಿಲ್ಲ, ಡಾಕ್ಟರ್ ಹತ್ರ, ಮೇಲಿನವರ ಹತ್ರ ಮಾತಾಡಿ ಬರ್ತೀನಿ. ಕೂತಿರಿ."

ಆ ಕಾಯುವಿಕೆಯಲ್ಲಿ ತೋರಿಕಾ ಅತ್ತೆಯ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಬೂಬು ಆಮೇಲೆ ವಾರವಿಡೀ ಬೆರಳು ನೀವಿಕೊಂಡಳು. ಬಾಗಿಲು ತೆರೆಯಿತು. ಬ್ರಾನ್ವಿನ್ ನಗುತ್ತಿದ್ದಳು.

"ಇಲ್ಲೇ. ಹೋದ ಸಲ ಹಾಗಾಗಿತ್ತು, ಈಗ ದಿನ ತುಂಬ್ತಾ ಇದೆ, ನಿಮ್ಮನ್ನ ಬಲ್ಲವರ ಹತ್ರವೇ ಇರೋದು ಒಳ್ಳೇದು ಅಂದ್ರು ಡಾಕ್ಟರ್."

ತೋರಿಕಾ ಅತ್ತಳು, ನಕ್ಕಳು, ಮತ್ತೆ ಅತ್ತಳು. ಎದೆಯ ಮೇಲಿದ್ದ ಬಂಡೆ ಇಳಿದ ಹಾಗಾಯಿತು. ಬೂಬು ಮಾತ್ರ ದೇವರಿಗೆ ಕೃತಜ್ಞತೆ ಹೇಳಿ ಮುಗಿಸಿ, "ಇನ್ನು ಹೇಳಮ್ಮ, ಏನೇನ್ ಮಾಡ್ಬೇಕು" ಅಂತ ಸರಿಯಾಗಿ ಕೂತಳು.

"ಮೊದಲು ಹೊಸ ವಿಳಾಸ ಕೊಡಿ" ಅಂದಳು ಬ್ರಾನ್ವಿನ್. "ದೂರ ಇರೋದ್ರಿಂದ ನೋವು ಜೋರಾಗೋ ತನಕ ಕಾಯ್ಬೇಡಿ. ಸಣ್ಣಗೆ ಶುರುವಾದ್ರೂ ಫೋನ್ ಮಾಡಿ, ಹೊರಡಿ. ಆದ್ರೆ ರಕ್ತ ಕಂಡ್ರೆ, ಇಲ್ಲ ಮಗು ಬಂದೇಬಿಡ್ತು ಅನ್ಸಿದ್ರೆ, ಕಾರು ಹತ್ತಬೇಡಿ. ಮೂರು ಸೊನ್ನೆ ಒತ್ತಿ ಆಂಬುಲೆನ್ಸ್ ಕರೀರಿ. ಅವರು ನಿಮ್ಮ ಹತ್ರದ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ. ಆಗ ನನಗೆ ಬ್ರಾನ್ವಿನ್ನೇ ಬೇಕು ಅಂತ ಹಠ ಮಾಡೋ ಹಾಗಿಲ್ಲ!"

"ಅಲ್ಲಿ ನನ್ನ ಕತೆ ಯಾರಿಗೂ ಗೊತ್ತಿರಲ್ವಲ್ಲ?"

"ಗೊತ್ತಿರೋ ಹಾಗೆ ಮಾಡೋಣ. ನಿಮ್ಮ ಆಸ್ಪತ್ರೆ ಕಾಗದಗಳ ಒಂದು ಪ್ರತಿ ಯಾವಾಗ್ಲೂ ನಿಮ್ಮ ಚೀಲದಲ್ಲಿರ್ಲಿ. ಆ ಆಸ್ಪತ್ರೆಗೂ ನಾನು ತಿಳಿಸಿರ್ತೀನಿ. ಇನ್ನೊಂದು, ಹೆರಿಗೆ ಆದ್ಮೇಲೆ ಮನೆಗೆ ಬರೋದು ನಾನಲ್ಲ. ಅಷ್ಟು ದೂರ ನನಗಾಗಲ್ಲ. ನಿಮ್ಮ ಕಡೆಯ ನರ್ಸ್ ಬರ್ತಾರೆ. ಆಗಬಹುದಾ?"

"ಲೋಟ ಎಲ್ಲಿದೆ ಅಂತ ಗೊತ್ತಿರೋ ಮನೆಗೆ ಯಾರು ಬಂದ್ರೂ ಆಗುತ್ತೆ" ಅಂದಳು ತೋರಿಕಾ.

ಆ ಸಂಜೆ ತೋರಿಕಾ ವಸಿತಿಗೆ ಫೋನ್ ಮಾಡಿದಳು. "ನಿನ್ನ ದೊಡ್ಡಪ್ಪನ ಮಗಳನ್ನ ಆಸ್ಪತ್ರೆಯವರು ಓಡಿಸಿದ್ರು ಅಂದ್ಯಲ್ಲ, ಅವಳು ಮನೆ ಬದಲಾಯ್ಸಿ ಹೋಗಿದ್ದೆಲ್ಲಿಗೆ?"

ವಸಿತಿಯ ದನಿ ಇಳಿಯಿತು. "ಪರ್ತ್‌ಗೆ."

ಪರ್ತ್ ಇರುವುದು ದೇಶದ ಆ ಕೊನೆಯಲ್ಲಿ. ವಿಮಾನ ಹತ್ತಿದರೂ ಅರ್ಧ ದಿನ ಹೋಗುತ್ತದೆ.

"ಅಯ್ಯೋ ನಿನ್ನ! ಅಲ್ಲಿಂದ ನೋವು ತಿನ್ಕೊಂಡು ಇಲ್ಲಿಗೆ ಬರ್ತಾರೇನೇ ಯಾರಾದ್ರೂ?"

"ನಾನು ಅಷ್ಟೆಲ್ಲ ಯೋಚ್ನೆ ಮಾಡಿರ್ಲಿಲ್ಲ ಕಣೇ" ಅಂದಳು ವಸಿತಿ. ಅದು ನಮಗೂ ಗೊತ್ತಾಗಿತ್ತು.

ಜನವರಿ ಅಂದರೆ ಇಲ್ಲಿ ಬೇಸಿಗೆ. ಒಂದು ಬೆಳಿಗ್ಗೆ, ಸೆಖೆಯಲ್ಲಿ ಬಟ್ಟೆ ಒಣಹಾಕುವಾಗ ತೋರಿಕಾಗೆ ಸೊಂಟ ಹಿಡಿದ ಹಾಗಾಯಿತು. ಹಿಂದಿನ ಸಲದ ಹಾಗೆ ನೋಡೋಣ, ನೋಡೋಣ ಅನ್ನಲಿಲ್ಲ. ಫೋನ್ ಮಾಡಿದಳು, ಚೀಲ ಹಿಡಿದಳು, ಅಪಿಸಾಯ್ ಕಾರು ತೆಗೆದ. ಬ್ರಾನ್ವಿನ್ ಬಾಗಿಲಲ್ಲೇ ಇದ್ದಳು. ಮಧ್ಯಾಹ್ನದ ಹೊತ್ತಿಗೆ ಗಂಡು ಮಗು. ಈ ಸಲವೂ ರಕ್ತ ಹೋಗಲು ಶುರುವಾಯಿತು. ಆದರೆ ಔಷಧಿ, ಕೊಡಬೇಕಾದ ರಕ್ತ, ಡಾಕ್ಟರ್, ಎಲ್ಲ ಕೈಯಳತೆಯಲ್ಲೇ ಇದ್ದವು. ಬೇಗ ನಿಂತಿತು. ಯಾರೂ ಕೂಗಬೇಕಾಗಲಿಲ್ಲ. "ನನ್ನ ನೋಡು" ಅಂತ ಬ್ರಾನ್ವಿನ್ ಹೇಳುವ ಮೊದಲೇ ತೋರಿಕಾ ಅವಳನ್ನು ನೋಡುತ್ತ ನಗುತ್ತಿದ್ದಳು. ಹೊರಗಿದ್ದ ಬೂಬು ಮಗುವಿನ ಅಳು ಕೇಳಿ, ಗೊತ್ತಿಲ್ಲದವರನ್ನೆಲ್ಲ ತಬ್ಬಿಕೊಂಡಳಂತೆ.

ಮನೆಗೆ ಬಂದ ಮರುದಿನ ಕಬೂಲ್ಚರ್‌ನ ಬಾಗಿಲು ಬಡಿದ ಸದ್ದಾಯಿತು. ಆ ಕಡೆಯ ನರ್ಸ್, ಸರಿಯಾದ ಬೀದಿಗೆ, ಸರಿಯಾದ ಮನೆಗೆ ಬಂದಿದ್ದಳು. ತೋರಿಕಾಳ ಕತೆಯೆಲ್ಲ ಅವಳಿಗೆ ಆಗಲೇ ಗೊತ್ತಿತ್ತು. ಒಲೆಯ ಪಕ್ಕದಲ್ಲಿ ಬನ್ನಿನ ಹಿಟ್ಟು ಬಟ್ಟೆಯನ್ನೇ ಎತ್ತಿಕೊಂಡು ಉಬ್ಬಿ ಕೂತಿತ್ತು.

"ನೋಡಿದ್ಯಾ? ಮುಚ್ಚಿಡೋದು ನಿಂತ ಮೇಲೆ ಹೇಗೆ ಉಬ್ತು!" ಅಂದಳು ಬೂಬು.

ಲೋಸಾ ಬೂಬುವಿನ ಹಳೆಯ ಯೀಸ್ಟನ್ನು ಕಸಕ್ಕೆ ಸುರಿದು, ಅಂಗಡಿಯಿಂದ ಹೊಸದು ತಂದು ಅದೇ ಡಬ್ಬಿಗೆ ತುಂಬಿಟ್ಟಿದ್ದಾಳೆ. ಇದು ನಿಮ್ಮಲ್ಲೇ ಇರಲಿ. ಬೂಬುವಿಗೆ ಮಾತ್ರ ಹೇಳಬೇಡಿ.

ಅಕ್ಕ ತಂಗಿಯರೇ, ಬಾಡಿಗೆ ಮನೆ ನಮ್ಮ ಕೈಯಲ್ಲಿಲ್ಲ. ಬಸುರಿಯಾಗಿದ್ದಾಗಲೂ ಗಂಟುಮೂಟೆ ಕಟ್ಟಬೇಕಾಗಿ ಬರಬಹುದು. ಮನೆ ಬದಲಾಯಿತು ಅಂದರೆ ಆಸ್ಪತ್ರೆ ಕೈತಪ್ಪಿತು ಅಂತ ನೀವೇ ತೀರ್ಮಾನ ಮಾಡಬೇಡಿ, ಪಕ್ಕದ ಮನೆಯವಳ ಕೈಲೂ ಮಾಡಿಸಬೇಡಿ. ಹೊಸ ವಿಳಾಸ ತಿಳಿಸಿ, "ನಾನು ಇಲ್ಲೇ ಮುಂದುವರಿಯಬಹುದಾ?" ಎಂದು ನಿಮ್ಮ ನರ್ಸನ್ನೇ ಕೇಳಿ. ಒಂದೊಂದು ಆಸ್ಪತ್ರೆಯ ನಿಯಮ ಒಂದೊಂದು. ಹೂಂ ಅನ್ನಬಹುದು, ಉಹೂಂ ಅನ್ನಬಹುದು. ಉಹೂಂ ಅಂದರೂ ನಿಮ್ಮ ಕತೆಯನ್ನು ಹೊಸ ಆಸ್ಪತ್ರೆಗೆ ಮುಟ್ಟಿಸುವವರು ಅವರೇ. ನೀವು ಎಲ್ಲಿದ್ದೀರಿ ಅಂತ ಗೊತ್ತಿಲ್ಲದವರು ನಿಮ್ಮನ್ನು ಹೇಗೆ ಉಳಿಸಿಯಾರು?

ಬೂಬು ಈಗ ಟವೆಯುನಿಗೆ ಹಿಂದಿರುಗಿದ್ದಾಳೆ. ಹೋಗುವ ಮುಂಚಿನ ಭಾನುವಾರ ಇನಾಲಾದ ಚರ್ಚಿಗೆ ಬನ್ನು ತಂದಿದ್ದಳು. ಬಸುರಿಯರಿಗೆ ಒಂದು ಹೆಚ್ಚು. ಕೊಡುವ ಮುಂಚೆ ಪ್ರತಿಯೊಬ್ಬಳನ್ನೂ ಅವಳು ಕೇಳಿದ ಮಾತನ್ನೇ ನಾನೂ ನಿಮ್ಮನ್ನು ಕೇಳುತ್ತೇನೆ:

"ಹೊಟ್ಟೆ ಹೇಳಿದೀಯ ಸರಿ ಮಗಳೇ, ಮನೆ ಹೇಳಿದೀಯಾ?"